ಕೆನ್ನೆಯ ಮೇಲೊಂದು ಎಳ್ಳುಕಾಳು

ಮನೆಯಲ್ಲಿ ಕಪ್ಪು ಎಳ್ಳಿದೆಯೇ? ಒಂದೇ ಒಂದು ಕಾಳು ಸಾಕು. ಅದನ್ನು ತಂದು ಮುಂಗೈ ಮೇಲಿರುವ ನಿಮ್ಮದೇ ಒಂದು ಸಣ್ಣ ಮಚ್ಚೆಯ ಪಕ್ಕಕ್ಕೆ ಅಂಟಿಸಿ. ಈಗ ತೋಳು ಚಾಚಿ ದೂರದಿಂದ ನೋಡಿ. ಯಾವುದು ಡಬ್ಬಿಯಿಂದ ಬಂದದ್ದು, ಯಾವುದು ಮೈಯಲ್ಲೇ ಮೂಡಿದ್ದು? ಅದೇ ಬಣ್ಣ, ಅದೇ ಅಳತೆ. ಉಗುರಿನಿಂದ ಕೆರೆದು ನೋಡುವವರೆಗೂ ಖಾತ್ರಿಯಾಗುವುದಿಲ್ಲ!

ಬೆಳಗಾವಿ, ಬೀದರ್ ಕಡೆಯವರಿಗೆ ಇದೇನು ಮಹಾ ಅನ್ನಿಸೀತು. ಪಕ್ಕದ ಮನೆಯ ಮರಾಠಿಯಲ್ಲಿ ಎಳ್ಳಿಗೂ ತೀಳ, ಮಚ್ಚೆಗೂ ತೀಳ. ಹಿಂದಿಯಲ್ಲೂ ದಖನಿಯಲ್ಲೂ ಎರಡಕ್ಕೂ ತಿಲ್. ಸಂಕ್ರಾಂತಿಯ ದಿನ ಬೆಲ್ಲದ ಜೊತೆ ಕೈಗೆ ಬೀಳುವುದೂ ಅದೇ, ಹುಡುಗಿಯ ಗಲ್ಲದ ಮೇಲೆ ಕೂತು ಸಿನಿಮಾ ಹಾಡು ಬರೆಸಿಕೊಳ್ಳುವುದೂ ಅದೇ. ದಿನವಿಡೀ ಆಡುವವರಿಗೆ ಅದು ಎಷ್ಟು ಸಲೀಸೆಂದರೆ, ಎರಡೂ ಒಂದೇ ಪದವೆಂಬುದೇ ಹೊಳೆಯುವುದಿಲ್ಲ. ಕನ್ನಡದ್ದು ಬೇರೆ ದಾರಿ. ನಮ್ಮ ಮಚ್ಚೆಗೆ ತೆಲುಗಿನ ಮಚ್ಚ, ತಮಿಳಿನ ಮಚ್ಚಂ ಒಡಹುಟ್ಟು. ನಮ್ಮಲ್ಲಿ ಹುಟ್ಟುಮಚ್ಚೆಯಾದದ್ದು ತೆಲುಗಿನಲ್ಲಿ ಪುಟ್ಟುಮಚ್ಚ. ಹಳಗನ್ನಡದ ‘ಪುಟ್ಟು’ ಹೊಸಗನ್ನಡಕ್ಕೆ ಬರುವಾಗ ‘ಹುಟ್ಟು’ ಆದ ಕತೆ ಈ ಒಂದು ಚುಕ್ಕೆಯಲ್ಲೇ ಸಿಗುತ್ತದೆ. ಅಲ್ಲಿ ಕಾಳಿಲ್ಲ, ಎಳ್ಳಿಲ್ಲ. ಹಾಗಾಗಿಯೇ ‘ತಿಲ’ ಎಂಬ ಪದ ಕನ್ನಡಿಗರ ಕಿವಿಗೆ ಬಿದ್ದಾಗ ತರ್ಪಣ ನೆನಪಾಗುತ್ತದೆಯೇ ಹೊರತು ಮೈಚರ್ಮ ನೆನಪಾಗುವುದಿಲ್ಲ.

ಆದರೆ ಆ ಒಂದು ಕಾಳಿನ ಬೆನ್ನು ಹತ್ತಿ ನೋಡಿ! ಅದು ಎಲ್ಲೆಲ್ಲಿಗೆ ಕರೆದೊಯ್ಯುತ್ತದೆ ಅಂದರೆ, ಒಂದು ಘಟ್ಟದ ಮೇಲೆ ನನಗೆ ನಿಘಂಟು ಮುಚ್ಚಿಡಲು ಮನಸ್ಸಾಗಲಿಲ್ಲ.

ಮೊದಲ ನಿಲ್ದಾಣ ಸುಶ್ರುತಸಂಹಿತೆ. ಶಸ್ತ್ರಚಿಕಿತ್ಸೆಗೆ ಹೆಸರಾದ ಆ ಗ್ರಂಥದ ನಿದಾನಸ್ಥಾನದಲ್ಲಿ 13ನೆಯ ಅಧ್ಯಾಯವನ್ನು ಪೂರ್ತಿ ‘ಕ್ಷುದ್ರರೋಗ’ಗಳಿಗೆ ಬಿಟ್ಟುಕೊಡಲಾಗಿದೆ. ಚಿಲ್ಲರೆ ಕಾಯಿಲೆಗಳು ಅನ್ನೋಣ. ಪ್ರಾಣಕ್ಕೆ ಸಂಚಕಾರವಿಲ್ಲದಿದ್ದರೂ ಕನ್ನಡಿಯ ಮುಂದೆ ನಿಂತವರ ನೆಮ್ಮದಿ ಕೆಡಿಸುವಂಥವೇ ಹೆಚ್ಚು: ಒಡೆದ ಹಿಮ್ಮಡಿ, ಕಾಲಿನ ಆಣಿ, ಉದುರುವ ಕೂದಲು, ಅಕಾಲದ ನರೆ, ಹರೆಯದ ಮೊಡವೆ. ಒಟ್ಟು 44. ಈ ಪಟ್ಟಿಯ ಹೆಸರುಗಳನ್ನು ಓದುತ್ತಾ ಹೋದರೆ ಮೈ ಜುಮ್ಮೆನ್ನುತ್ತದೆ. ಒಂದಕ್ಕೆ ವಲ್ಮೀಕ, ಅಂದರೆ ಹುತ್ತ. ಇನ್ನೊಂದಕ್ಕೆ ಆಮೆಯ ಹೆಸರು. ಮೊಡವೆಗಳು ಬೂರುಗದ ಮರದ ಮುಳ್ಳಿನಂತೆ ಕಾಣುತ್ತವಂತೆ. ಬೂರುಗದ ಎಳೆಯ ಕಾಂಡವನ್ನು ಹತ್ತಿರದಿಂದ ಕಂಡವರು ತಕ್ಷಣ ತಲೆದೂಗಬೇಕು: ಬುಡ ಅಗಲ, ತುದಿ ಮೊನಚು, ನಡುನಡುವೆ ಜಾಗ ಬಿಟ್ಟು ಎದ್ದ ಮೊಟಕು ಮುಳ್ಳುಗಳು. ನಾವು ಬಂಗು ಅನ್ನುವ ಮುಖದ ಕಪ್ಪು ಅಲ್ಲಿ ‘ವ್ಯಂಗ’. ಅದಕ್ಕೆ ಕೊಟ್ಟ ಕಾರಣ ಇನ್ನೂ ಸೊಗಸು: ಸಿಟ್ಟು ಮತ್ತು ಆಯಾಸ. ಬಂಗು ಬಂದವರ ಮುಂದೆ ಇದನ್ನು ಹೇಳುವ ಧೈರ್ಯ ಮಾಡಬೇಡಿ, ಇನ್ನಷ್ಟು ಸಿಟ್ಟು ಬಂದೀತು.

ಆಮೇಲೆ ಬರುತ್ತವೆ ಕಾಳುಗಳು. ತಿಲಕಾಲಕ: ಕಪ್ಪಗೆ, ಎಳ್ಳಿನಷ್ಟೇ ಗಾತ್ರದಲ್ಲಿ, ನೋವಿಲ್ಲದೆ, ಚರ್ಮದ ಮಟ್ಟಕ್ಕೇ ಇರುವ ಚುಕ್ಕೆ. ಮಷಕ: ನೋವಿಲ್ಲದ್ದೇ, ಗಟ್ಟಿ, ಕಪ್ಪು, ಆದರೆ ಉದ್ದಿನಕಾಳಿನಂತೆ ಉಬ್ಬಿ ನಿಂತದ್ದು. ಮಾಷ ಎಂದರೆ ಸಂಸ್ಕೃತದಲ್ಲಿ ಉದ್ದು. ಹುಟ್ಟಿನಿಂದಲೇ ಬಂದ, ನಸುಗೆಂಪು ನುಣುಪಾದ ಗುರುತಿಗೆ ಜತುಮಣಿ. ಜತು ಎಂದರೆ ಅರಗು, ಹಾಗಾಗಿ ಅರಗಿನ ಮಣಿ! ಮಾಂಸದೊಳಗೆ ಕೂತ ಗಟ್ಟಿ ಗಂಟಿಗೆ ಯವಪ್ರಖ್ಯಾ, ಜವೆಗೋಧಿಯಂಥದ್ದು. ಇದೇ ಅಧ್ಯಾಯದಲ್ಲಿ ಮಸೂರಿಕಾ ಎಂಬ ಹೆಸರೂ ಇದೆ. ಅದನ್ನು ಸದ್ಯಕ್ಕೆ ಮಡಿಲಲ್ಲಿ ಕಟ್ಟಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಳ್ಳು ಸಮತಟ್ಟು, ಉದ್ದು ಉಬ್ಬು. ಇದೇನು ಬರೀ ವರ್ಣನೆ ಅಂದುಕೊಂಡರೆ ಕೆಟ್ಟಿರಿ. ಇಂದಿನ ಚರ್ಮವೈದ್ಯರು ಮಚ್ಚೆ ನೋಡುವಾಗ ಮೊದಲು ಗಮನಿಸುವ ಸಂಗತಿಗಳಲ್ಲಿ ಇದೂ ಒಂದು: ಬೆರಳಾಡಿಸಿದರೆ ತಗಲುತ್ತದೆಯೋ ಇಲ್ಲವೋ. ಬಣ್ಣ ತಯಾರಿಸುವ ಜೀವಕೋಶಗಳ ಗುಂಪು ಚರ್ಮದ ಮೇಲ್ಪದರ ಮತ್ತು ಒಳಪದರ ಕೂಡುವ ಗಡಿಯಲ್ಲಿ ಕೂತಿದ್ದರೆ ಮಚ್ಚೆ ಸಮತಟ್ಟಾಗಿ, ಕಡುಬಣ್ಣದಲ್ಲಿ ಕಾಣುತ್ತದೆ. ಅದೇ ಗುಂಪು ಒಳಪದರಕ್ಕೆ ಇಳಿದಿದ್ದರೆ ಮೇಲೆ ಉಬ್ಬುತ್ತದೆ, ಎಷ್ಟೋ ಸಲ ಬಣ್ಣವೂ ತಿಳಿಯಾಗುತ್ತದೆ. ಸೂಕ್ಷ್ಮದರ್ಶಕದ ಕನಸೂ ಇಲ್ಲದ ಕಾಲದಲ್ಲಿ, ಬರಿಗಣ್ಣಿಗೆ ಕಂಡ ವ್ಯತ್ಯಾಸವನ್ನು ಎರಡು ಕಾಳುಗಳ ಹೆಸರಿನಲ್ಲಿ ಕಟ್ಟಿಹಾಕಿದ್ದಾರೆ ಆ ವೈದ್ಯರು. ಅಳತೆಯನ್ನಾದರೂ ನೋಡಿ. ಎಳ್ಳುಕಾಳು ಸುಮಾರು 3 ಮಿಲಿಮೀಟರ್ ಉದ್ದ, ಉದ್ದಿನಕಾಳು ಸುಮಾರು 5. ಮಚ್ಚೆ 6 ಮಿಲಿಮೀಟರ್ ದಾಟಿದರೆ, ಅಂಚು ಒಡ್ಡೊಡ್ಡಾದರೆ, ಎರಡು ಪಕ್ಕ ಒಂದೇ ಥರ ಇಲ್ಲದಿದ್ದರೆ, ಬಣ್ಣ ಹಲವಾದರೆ, ದಿನ ಕಳೆದಂತೆ ಬದಲಾದರೆ ತೋರಿಸಿಕೊಳ್ಳಿ ಅನ್ನುವುದು ಇಂದಿನ ವೈದ್ಯರ ಮಾತು. ಕಾಕತಾಳೀಯವೇ ಇರಬಹುದು, ಆದರೂ ಎಳ್ಳೂ ಉದ್ದೂ ಆ ಗೆರೆಯ ಈಚೆಗೇ ನಿಲ್ಲುತ್ತವೆ!

ಆ ಬಣ್ಣದ ಜೀವಕೋಶಗಳ ಕತೆಯೂ ಕಡಿಮೆಯದಲ್ಲ. ಮಗು ಗರ್ಭದಲ್ಲಿ ಇನ್ನೂ ರೂಪುಗೊಳ್ಳುತ್ತಿರುವಾಗ, ಮುಂದೆ ಬೆನ್ನುಹುರಿಯಾಗುವ ಭಾಗದ ಅಂಚಿನಲ್ಲಿ ಅವುಗಳ ಮೂಲ. ಅಲ್ಲಿಂದ ಹೊರಟು ಮೈಯೆಲ್ಲ ಸುತ್ತಿ ಚರ್ಮ ಸೇರುತ್ತವೆ. ಮುಂದೊಂದು ದಿನ ಅವುಗಳಲ್ಲೊಂದು ಲಂಗುಲಗಾಮಿಲ್ಲದೆ ಮರಿ ಹಾಕಲು ಶುರುಮಾಡಿ, ಏನೋ ನೆನಪಾದ ಹಾಗೆ ತಟ್ಟನೆ ನಿಂತುಬಿಡುತ್ತದೆ. ಹಾಗೆ ನಿಂತ ಗುಂಪೇ ಮಚ್ಚೆ. ಸಾಮಾನ್ಯವಾಗಿ ವಯಸ್ಕರ ಮೈಮೇಲೆ ಇಂಥವು 10ರಿಂದ 40 ಇರುತ್ತವೆ. ಒಂದು ಚಿಟಿಕೆ ಎಳ್ಳು ಅನ್ನಿ.

ಈಗ ಸಂಸ್ಕೃತದ ಪದಕೋಶ ಅಮರಕೋಶವನ್ನು ತೆರೆಯಿರಿ. ಮನುಷ್ಯವರ್ಗದಲ್ಲಿ ಮಚ್ಚೆಯ ಹೆಸರುಗಳು ಸಾಲಾಗಿ ನಿಂತಿವೆ: ಜಡುಲ, ಕಾಲಕ, ಪಿಪ್ಲು, ತಿಲಕ, ತಿಲಕಾಲಕ.

ತಡೆಯಿರಿ. ತಿಲಕ?

ಹೌದು, ಅದೇ ತಿಲಕ! ಹಣೆಗಿಡುವ, ಆರತಿಯ ಜೊತೆ ಬರುವ, ಯುದ್ಧಕ್ಕೆ ಹೊರಟವನ ಹಣೆಯಲ್ಲಿ ನೆತ್ತರಿನಂತೆ ಕೆಂಪಾಗಿ ಹೊಳೆಯುವ ತಿಲಕ. ತಿಲಕ್ಕೆ ‘ಕ’ ಸೇರಿದರೆ ಎಳ್ಳಿನಂಥದ್ದು ಎಂದಾಯಿತು. ಎಳ್ಳಿನಂಥದ್ದು ಎಂದರೆ ಮೈಮೇಲಿನ ಚುಕ್ಕೆ. ಚುಕ್ಕೆಯಿಂದ ಹಣೆಯ ಬೊಟ್ಟು. ಬೊಟ್ಟಿನಿಂದ ಅಲಂಕಾರ, ಅಲಂಕಾರದಿಂದ ಶ್ರೇಷ್ಠತೆ. ಕೊನೆಗೆ ರಘುಕುಲತಿಲಕ, ಯದುಕುಲತಿಲಕ! ಕ್ಷುದ್ರರೋಗಗಳ ಪಟ್ಟಿಯಲ್ಲಿ ಕಾಲಾಣಿಯ ಜೊತೆ ಕೂತಿದ್ದ ಚುಕ್ಕೆಯ ಹೆಸರು ಶ್ರೀರಾಮನ ಬಿರುದಿಗೆ ಏರಿದೆ. ಇಷ್ಟು ದೊಡ್ಡ ಬಡ್ತಿ ಪಡೆದ ಇನ್ನೊಂದು ಕಲೆಯನ್ನು ನಾನು ಯಾವ ಭಾಷೆಯಲ್ಲೂ ಕಂಡಿಲ್ಲ.

ಎಳ್ಳು ಸಣ್ಣದು ಎಂಬುದೇ ಅದರ ಬಂಡವಾಳ. ‘ಎಳ್ಳಷ್ಟೂ ಅನುಮಾನವಿಲ್ಲ’ ಎಂದು ನಾವು ದಿನಕ್ಕೊಮ್ಮೆಯಾದರೂ ಅನ್ನುತ್ತೇವಲ್ಲ. ಮಹಾಭಾರತದ ಆದಿಪರ್ವದಲ್ಲಿ ಸುಂದೋಪಸುಂದರೆಂಬ ಅಸುರ ಸೋದರರನ್ನು ಮುಗಿಸಲು ಬ್ರಹ್ಮನ ಅಪ್ಪಣೆಯಂತೆ ವಿಶ್ವಕರ್ಮ ಒಬ್ಬ ಸುಂದರಿಯನ್ನು ಕಡೆದ. ರತ್ನಗಳಿಂದ ಎಳ್ಳೆಳ್ಳಷ್ಟೇ ಉತ್ತಮಾಂಶ ತೆಗೆದು ಕೂಡಿಸಿ ಮಾಡಿದ್ದಕ್ಕೆ ಅವಳು ತಿಲೋತ್ತಮೆ. ಅಣ್ಣತಮ್ಮಂದಿರು ಅವಳಿಗಾಗಿ ಹೊಡೆದಾಡಿ ಸತ್ತರು. ಎಳ್ಳಿನ ಲೆಕ್ಕದಲ್ಲಿ ಕೂಡಿಸಿದ ಸೌಂದರ್ಯ ಕ್ವಿಂಟಲ್ ಲೆಕ್ಕದ ಅನಾಹುತ ಮಾಡಿತು.

ಆದರೆ ಅದೇ ಭಾರತದ ವನಪರ್ವದಲ್ಲಿ ಬರುವ ಇನ್ನೊಂದು ಪ್ರಸಂಗಕ್ಕೆ ನಾನು ಪೂರ್ತಿ ಶರಣು. ನಳನಿಂದ ಕಾಡಿನಲ್ಲಿ ಅಗಲಿದ ದಮಯಂತಿ ಚೇದಿಯ ಅರಮನೆಯಲ್ಲಿ ಸೈರಂಧ್ರಿಯಾಗಿ ಅಡಗಿದ್ದಾಳೆ. ಮೈಯೆಲ್ಲ ಧೂಳು, ಮಾಸಿದ ಸೀರೆ. ಅವಳ ತಂದೆ ಕಳಿಸಿದ ಸುದೇವನೆಂಬ ಬ್ರಾಹ್ಮಣ ಅವಳನ್ನು ಪತ್ತೆಹಚ್ಚುತ್ತಾನೆ. ರಾಜಮಾತೆಗೆ ಅವನು ಕೊಡುವ ಸಾಕ್ಷಿ ಏನು? ಉಂಗುರವಲ್ಲ, ಓಲೆಯಲ್ಲ. ಈಕೆಯ ಎರಡು ಹುಬ್ಬುಗಳ ನಡುವೆ ಹುಟ್ಟಿನಿಂದ ಬಂದ ಒಂದು ಪಿಪ್ಲು ಇದೆ, ಈಗ ಕೊಳೆಯಲ್ಲಿ ಮುಚ್ಚಿಹೋಗಿದೆ ಅನ್ನುತ್ತಾನೆ. ರಾಜಕುಮಾರಿ ಸುನಂದೆ ಅಲ್ಲೇ ಆ ಕೊಳೆಯನ್ನು ತೊಳೆಯುತ್ತಾಳೆ. ಮಚ್ಚೆ ಹೊಳೆಯುತ್ತದೆ! ಹುಬ್ಬುಗಳ ನಡುವೆ, ತಿಲಕವಿಡುವ ಅದೇ ಜಾಗದಲ್ಲಿ! ರಾಜಮಾತೆಗೆ ಕಣ್ಣೀರು. ಈ ಗುರುತಿನಿಂದಲೇ ತಿಳಿಯಿತು, ನೀನು ನನ್ನ ಸೋದರಿಯ ಮಗಳು ಎಂದು ಅಪ್ಪಿಕೊಳ್ಳುತ್ತಾಳೆ. ನಳದಮಯಂತಿಯರ ಕತೆಯನ್ನು ಕನಕದಾಸರ ನಳಚರಿತ್ರೆಯ ಕಾಲದಿಂದ ಕೇಳಿಕೊಂಡು ಬಂದವರು ನಾವು. ಹಂಸ ನೆನಪಿರುತ್ತದೆ, ಕಾರ್ಕೋಟಕ ನೆನಪಿರುತ್ತಾನೆ. ಇಡೀ ಕತೆಯನ್ನು ಸುಖಾಂತದ ಕಡೆಗೆ ಹೊರಳಿಸಿದ ಈ ಚುಕ್ಕೆಯನ್ನು ಮಾತ್ರ ಮರೆತಿದ್ದೇವೆ.

ಮರೆಯದೇ ಇರುವವರು ಶಾಲೆಯ ಮೇಷ್ಟ್ರು ಮತ್ತು ಸರ್ಕಾರಿ ಅರ್ಜಿ. ‘ಗುರುತಿನ ಚಿಹ್ನೆ’ ಎಂಬ ಅಂಕಣ ಬಂದ ಕೂಡಲೇ ಮೇಷ್ಟ್ರು ಹುಡುಗನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಾರೆ, ಅಂಗಿಯ ತೋಳು ಮಡಿಸುತ್ತಾರೆ, ಕಾಲರ್ ಸರಿಸುತ್ತಾರೆ. ಏನೂ ಸಿಗದಿದ್ದರೆ ಅವರಿಗೇ ಬೇಸರ. ಸಿಕ್ಕಿತೋ, ‘ಬಲ ಮೊಣಕೈ ಕೆಳಗೆ ಕಪ್ಪು ಮಚ್ಚೆ’ ಎಂದು ದಾಖಲಾಗುತ್ತದೆ. ಸುದೇವ ಮಾಡಿದ್ದೂ ಇದನ್ನೇ ತಾನೇ.

ಮಚ್ಚೆ ಇಲ್ಲದವರಿಗೆ ನಾವೇ ಮಚ್ಚೆ ಮಾಡಿ ಅಂಟಿಸುತ್ತೇವೆ ಎಂಬುದು ಇನ್ನೂ ದೊಡ್ಡ ಸೋಜಿಗ! ಎಳೆಗೂಸಿನ ಕೆನ್ನೆಯ ಮೇಲಿನ ದೃಷ್ಟಿಬೊಟ್ಟು ಎಂದರೆ ಮತ್ತೇನು? ಅಂದ ಕೆಡಿಸಲೆಂದೇ ಬೇಕುಬೇಕೆಂದು ಇಡುವ ಕಲೆ. ಅದಕ್ಕೆ ಬೇಕಾದ ಸಾದು ಮಾಡುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ಹಳೆಯ ಕಬ್ಬಿಣದ ಬಾಣಲೆಗೆ ಒಂದು ಹಿಡಿ ಸಬ್ಬಕ್ಕಿ ಸುರಿದು ಹುರಿಯುತ್ತಾರೆ. ಬಿಳಿ ಮಣಿ ಕಂದಾಗುತ್ತದೆ, ಕಂದು ಕಪ್ಪಾಗುತ್ತದೆ, ಹೊಗೆಯೆದ್ದು ಕಣ್ಣುರಿಯುತ್ತದೆ, ಮಣಿಗಳು ಒಂದಕ್ಕೊಂದು ಅಂಟಿಕೊಂಡು ಗುಳ್ಳೆಯೇಳುತ್ತವೆ. ಆಗ ನೀರು ಹೊಯ್ದರೆ ಚೊರ್ರೆಂದು ಇಡೀ ಮನೆಗೆ ಸುಟ್ಟ ವಾಸನೆ. ಕುದಿಸಿ, ಸೋಸಿ, ಗಟ್ಟಿಯಾದ ಕರಿ ದ್ರವವನ್ನು ನುಣ್ಣಗೆ ಕೆರೆದ ಕರಟಕ್ಕೆ ಹೊಯ್ದು ಒಣಗಿಸುತ್ತಾರೆ. ಅದು ಬಿರುಕಿಲ್ಲದೆ, ಮಿರಮಿರನೆ ಕರಟದ ತಳಕ್ಕೆ ಕಚ್ಚಿಕೊಳ್ಳುತ್ತದೆ. ಬೇಕಾದಾಗ ಎರಡು ಹನಿ ನೀರು, ಉಂಗುರದ ಬೆರಳಲ್ಲಿ ನಾಲ್ಕು ಸುತ್ತು ತೇಯ್ದು, ಹಣೆಗೊಂದು, ಕೆನ್ನೆಗೊಂದು, ಅಂಗಾಲಿಗೊಂದು. ಕೆಲವು ಮನೆಗಳಲ್ಲಿ ಸಬ್ಬಕ್ಕಿಯ ಬದಲು ರಾಗಿ. ನೋಡಿದಿರಾ, ಇಲ್ಲೂ ಕಾಳೇ ಬಂತು! ಸಬ್ಬಕ್ಕಿ ಕಾಳಲ್ಲ, ಮರಗೆಣಸಿನ ಹಿಟ್ಟಿನ ಉಂಡೆ ಎಂದು ತಕರಾರು ತೆಗೆಯುವವರಿಗೆ ನನ್ನ ಉತ್ತರ ರಾಗಿ. ಒಂದೇ ಕರಟದಿಂದ ಕೆನ್ನೆಗೆ ಕಲೆ, ಹಣೆಗೆ ಬೊಟ್ಟು. ಅಮರಕೋಶದಲ್ಲಿ ತಿಲಕ ಎಂಬ ಪದಕ್ಕೆ ಆದದ್ದನ್ನು ನಮ್ಮ ಬಾಣಂತಿ ಕೋಣೆಗಳು ದಿನಾ ಮಾಡುತ್ತಿವೆ.

ಎಳ್ಳಿನ ಇನ್ನೊಂದು ಪ್ರಯಾಣ ಹೇಳದೆ ಮುಂದೆ ಹೋಗಲಾರೆ. ತಿಲದಿಂದ ಬಂದದ್ದು ತೈಲ. ಮೊದಲು ಎಳ್ಳೆಣ್ಣೆಗಷ್ಟೇ ಇದ್ದ ಹೆಸರು, ಬರಬರುತ್ತಾ ಎಲ್ಲ ಎಣ್ಣೆಗೂ ಹರಡಿತು. ಇವತ್ತು ಕಚ್ಚಾ ತೈಲದ ಬೆಲೆ ಏರಿತು ಎಂದು ಪತ್ರಿಕೆ ಬರೆದಾಗ ಅರಬ್ಬರ ಮರಳಿನಡಿಯ ಕಪ್ಪು ದ್ರವದೊಳಗೆ ಎಳ್ಳು ಕೂತಿದೆ. ಕನ್ನಡವೇನು ಹಿಂದೆ ಬಿದ್ದಿದೆಯೇ? ಎಳ್ ಮತ್ತು ನೆಯ್ ಸೇರಿ ಎಣ್ಣೆ. ನೆಯ್ ಎಂದರೆ ತುಪ್ಪ, ಜಿಡ್ಡು. ತಮಿಳರು ಇಂದಿಗೂ ತುಪ್ಪಕ್ಕೆ ನೆಯ್ ಅನ್ನುತ್ತಾರೆ. ಅಂದಮೇಲೆ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಲಾಂದ್ರದ ಸೀಮೆಎಣ್ಣೆ ಎಲ್ಲದರ ಹೊಟ್ಟೆಯಲ್ಲೂ ಎಳ್ಳಿದೆ. ಶನಿವಾರ ಸಂಜೆ ಗೆಳೆಯರು ಕಣ್ಣು ಮಿಟುಕಿಸಿ ‘ಎಣ್ಣೆ’ ಅನ್ನುವಾಗ ಅದರಲ್ಲೂ! ಸಂಸ್ಕೃತ ಒಂದು ಕುಲ, ಕನ್ನಡ ಇನ್ನೊಂದು ಕುಲ. ಎರಡೂ ತಮ್ಮ ತಮ್ಮ ಎಳ್ಳಿನಿಂದಲೇ ಎಣ್ಣೆಯ ಹೆಸರು ಹಿಂಡಿಕೊಂಡಿವೆ. ಇನ್ನು ಇಂಗ್ಲಿಷಿನ ಸೆಸಮಿಯ ಬೇರು ಹುಡುಕಿದರೆ ಗ್ರೀಕ್ ದಾಟಿ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ಶಮಶ್ಶಮ್ಮು ಎಂಬ ಪದದ ಬಳಿ ನಿಲ್ಲುತ್ತದೆ. ಅದರ ಅರ್ಥವೂ ಎಣ್ಣೆಗಿಡ ಎಂದೇ. ಗಿಡ ಮಾತ್ರ ನಮ್ಮ ನೆಲದ್ದು. ಎಳ್ಳಿನ ಕಾಡುಬಂಧು ಪಶ್ಚಿಮ ಕರಾವಳಿಯಲ್ಲಿ ಈಗಲೂ ಬೆಳೆಯುತ್ತದೆ. ಹರಪ್ಪದ ಉತ್ಖನನದಲ್ಲಿ ಕರಕಲಾದ ಎಳ್ಳು ಸಿಕ್ಕಿದೆ, ಅದಕ್ಕೆ ನಾಲ್ಕು ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸು.

ಮೈಮೇಲಿನ ಕಲೆಗೆ ಕಾಳಿನ ಹೆಸರೇ ಏಕೆ? ಇದಕ್ಕೆ ಉತ್ತರ ಸಿಕ್ಕಿದ್ದು ವೈದ್ಯರ ಬಳಿಯಲ್ಲ, ಅಕ್ಕಸಾಲಿಗರ ತಕ್ಕಡಿಯಲ್ಲಿ. ಮಿಲಿಮೀಟರು, ಮಿಲಿಗ್ರಾಮು ಹುಟ್ಟುವ ಮುಂಚೆ ಊರೂರಿಗೂ ಒಂದೇ ಗಾತ್ರದಲ್ಲಿ, ಬಿಟ್ಟಿಯಾಗಿ, ಕೈಗೆಟುಕುವಂತೆ ಸಿಗುತ್ತಿದ್ದ ಅಳತೆಗೋಲು ಬೀಜ. ಗುಲಗಂಜಿ ತೂಕದ ಚಿನ್ನ ಎಂಬ ಮಾತು ನಮ್ಮಲ್ಲಿ ಇನ್ನೂ ಬದುಕಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಲೆಕ್ಕದಲ್ಲಿ 10 ಉದ್ದಿನಕಾಳಿಗೆ ಒಂದು ಸುವರ್ಣಮಾಷಕ, ಅಥವಾ 5 ಗುಲಗಂಜಿಗೆ. ಅದೇ ಮಾಷ! ಕೆನ್ನೆಯ ಮೇಲೆ ಉಬ್ಬಿ ಕೂತದ್ದೂ ಅದೇ, ಚಿನ್ನ ತೂಗಿದ್ದೂ ಅದೇ. ವಜ್ರ ತೂಗುವ ಕ್ಯಾರಟ್ ಕೂಡ ಕ್ಯಾರಬ್ ಮರದ ಬೀಜದ ಹೆಸರು. ಕಾಳು ಅಂದಿನ ಮಿಲಿಮೀಟರು. ವೈದ್ಯ ‘ಎಳ್ಳಿನಷ್ಟು’ ಎಂದರೆ ಅದು ಉಪಮೆಯಲ್ಲ, ಅಳತೆಪಟ್ಟಿ. ಯೂರೋಪಿನ ವೈದ್ಯರೂ ಹಾಗೇ ಅಳೆದರು. ಶ್ವಾಸಕೋಶದ ತುಂಬ ಸಣ್ಣ ಗಂಟುಗಳೇಳುವ ಒಂದು ಬಗೆಯ ಕ್ಷಯವನ್ನು ಕಂಡ ಮಾಂಜೆ ಎಂಬಾತ 1700ರಲ್ಲಿ ಅವನ್ನು ನವಣೆಯಂಥ ಕಿರುಧಾನ್ಯದ ಕಾಳಿಗೆ ಹೋಲಿಸಿದ. ಇಂದಿಗೂ ಅದಕ್ಕೆ ಮಿಲಿಯರಿ ಕ್ಷಯ ಎಂದೇ ಹೆಸರು. ಬೇಸಿಗೆಯಲ್ಲಿ ಬೆನ್ನು ತುಂಬ ಏಳುವ ಬೆವರುಸಾಲೆಗೆ ವೈದ್ಯರ ಹೆಸರು ಮಿಲಿಯೇರಿಯಾ, ಅದೂ ಅದೇ ಕಾಳು. ಕಣ್ಣುರೆಪ್ಪೆಯ ಅಂಚಿನ ಕುರುವಿಗೆ ಲ್ಯಾಟಿನಿನಲ್ಲಿ ಹೋರ್ಡಿಯೋಲಂ, ಪುಟ್ಟ ಜವೆಗೋಧಿ. ಸುಶ್ರುತನ ಯವಪ್ರಖ್ಯಾ ನೆನಪಾಯಿತೇ?

ಉತ್ಸಾಹದಲ್ಲಿ ಎಲ್ಲ ಕಲೆಯಲ್ಲೂ ಕಾಳು ಕಾಣುವ ಅಪಾಯವೂ ಇದೆ ಅನ್ನಿ. ಕಾಲಿನ ಆಣಿಗೆ ಇಂಗ್ಲಿಷಿನಲ್ಲಿ ಕಾರ್ನ್. ಮೆಕ್ಕೆಜೋಳವೇ ಎಂದು ಹಿಗ್ಗಿದರೆ, ಅಲ್ಲ! ಅದು ಲ್ಯಾಟಿನಿನ ಕೊರ್ನು, ಕೊಂಬು. ನಾವು ಮೊಳೆ ಅಂದೆವು, ಅವರು ಕೊಂಬು ಅಂದರು. ನಡೆಯುವಾಗ ಚುಚ್ಚುವುದಂತೂ ಇಬ್ಬರಿಗೂ ಒಂದೇ. ಫ್ರೆಂಚರು ಮಚ್ಚೆಗೆ ಸೌಂದರ್ಯದ ಕಾಳು ಅನ್ನುತ್ತಾರೆ, ಸರಿ. ಆದರೆ ಹುಟ್ಟುಮಚ್ಚೆಗೆ ಅವರದೇ ಇನ್ನೊಂದು ಹೆಸರು ಆನ್ವಿ, ಅಂದರೆ ಬಯಕೆ. ಇಟಲಿಯ ವೋಲ್ಯಾ, ಸ್ಪೇನಿನ ಅಂತೋಹೋ, ಅರಬ್ಬಿಯ ವಹ್ಮಾ ಎಲ್ಲದರಲ್ಲೂ ಬಸುರಿಯ ಬಯಕೆಯೇ. ಬಯಸಿದ್ದು ಸಿಗದಿದ್ದರೆ ಮಗುವಿನ ಮೈಮೇಲೆ ಮೂಡುತ್ತದೆ ಎಂಬ ನಂಬಿಕೆ. ಸ್ಪೇನಿನಲ್ಲಿ ಸಾದಾ ಮಚ್ಚೆಗೆ ಲುನಾರ್, ಚಂದ್ರನ ಕೈವಾಡ. ಗ್ರಹಣದ ಹೊತ್ತಿನಲ್ಲಿ ಬಸುರಿ ಮೈ ತುರಿಸಿಕೊಂಡರೆ ಮಗುವಿಗೆ ಅಲ್ಲೇ ಮಚ್ಚೆ ಎಂದು ಕೋಣೆಯಲ್ಲಿ ಕೂರಿಸುವ ನಮ್ಮ ಅಜ್ಜಿಯಂದಿರಿಗೂ ಸ್ಪೇನಿನ ಅಜ್ಜಿಯಂದಿರಿಗೂ ಎಲ್ಲಿ ಭೇಟಿಯಾಗಿತ್ತೋ! ನಂಬಿಕೆಯಲ್ಲಿ ಹುರುಳಿಲ್ಲ, ಮಾತು ಮಾತ್ರ ಮುದ್ದು.

ಈಗ ರೋಮ್. ಅಲ್ಲಿ ಚರ್ಮದ ಕಂದು ಚುಕ್ಕೆಗೆ ಸಿಕ್ಕ ಹೆಸರು ಲೆಂಟಿಗೋ. ಲೆನ್ಸ್ ಎಂದರೆ ಲ್ಯಾಟಿನಿನಲ್ಲಿ ಒಂದು ಬೇಳೆಕಾಳು, ನಮ್ಮ ಮಸೂರ. ಕೆಲವರು ಚನ್ನಂಗಿ ಬೇಳೆ ಅನ್ನುವುದೂ ಇದನ್ನೇ. ಒಂದನೆಯ ಶತಮಾನದ ವೈದ್ಯಕೀಯ ಲೇಖಕ ಸೆಲ್ಸಸ್ ಮೊಡವೆ, ಚುಕ್ಕೆಗಳಿಗೆ ಮದ್ದು ಮಾಡುವುದೇ ಹೆಚ್ಚುಕಮ್ಮಿ ಹುಚ್ಚುತನ ಎಂದು ಗೊಣಗುತ್ತಾನೆ. ಆದರೂ ಹೆಂಗಸರು ಬಿಡುವುದಿಲ್ಲವಲ್ಲ ಎಂದು ಮದ್ದನ್ನೂ ಬರೆಯುತ್ತಾನೆ. ಫೇರ್‌ನೆಸ್ ಕ್ರೀಮುಗಳ ಅಂಗಡಿಯಲ್ಲಿ ಗಂಡಸರ ಸಾಲು ನೋಡಿದ್ದರೆ ಆತ ಆ ವಾಕ್ಯವನ್ನು ತಿದ್ದುತ್ತಿದ್ದ.

ರೋಮಿನಲ್ಲಿ ಕಾಳು ಚರ್ಮದಿಂದ ಜಿಗಿದು ಮನೆತನದ ಹೆಸರಾಯಿತು! ಲೆಂಟುಲಸ್ ಎಂಬಲ್ಲಿ ಮಸೂರ, ಫೇಬಿಯಸ್ ಎಂಬಲ್ಲಿ ಅವರೆಯ ಜಾತಿಯ ಕಾಳು. ಎಲ್ಲಕ್ಕಿಂತ ಹೆಸರಾದವನು ಸಿಸೆರೊ. ಸಿಸೆರ್ ಎಂದರೆ ಕಡಲೆ. ಇವನ ಪೂರ್ವಿಕನೊಬ್ಬನ ಮೂಗಿನ ತುದಿಯಲ್ಲಿ ಕಡಲೆಕಾಳಿನ ಸೀಳಿನಂಥ ಒಂದು ಕುಳಿ ಇತ್ತು, ಅದರಿಂದ ಈ ಹೆಸರು ಅನ್ನುತ್ತಾನೆ ಗ್ರೀಕ್ ಲೇಖಕ ಪ್ಲುಟಾರ್ಕ್. ಒಳ್ಳೆಯ ಬೇಸಾಯಗಾರರಾಗಿದ್ದರಿಂದ ಈ ಹೆಸರುಗಳು ಬಂದವು ಎಂಬುದು ರೋಮನ್ ಲೇಖಕ ಪ್ಲಿನಿಯ ವಾದ. ನನ್ನ ಮತ ಮೂಗಿಗೆ. ರಾಜಕೀಯಕ್ಕೆ ಇಳಿದಾಗ ಗೆಳೆಯರು ಈ ಕಡಲೆಯ ಹೆಸರು ಬೇಡ, ಬದಲಿಸಿಕೋ ಅಂದರಂತೆ. ಸಿಸೆರೊ ಒಪ್ಪಲಿಲ್ಲ, ದೊಡ್ಡ ದೊಡ್ಡ ಮನೆತನದವರ ಹೆಸರಿಗಿಂತ ಇದನ್ನೇ ಮೆರೆಸುತ್ತೇನೆ ಎಂದ. ಕ್ರಿಸ್ತಪೂರ್ವ 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೆ ಬೆಳ್ಳಿಯ ಕಾಣಿಕೆ ಕೊಟ್ಟ. ಅದರ ಮೇಲೆ ಮಾರ್ಕಸ್, ಟಲ್ಲಿಯಸ್ ಎಂದು ಎರಡು ಹೆಸರು ಕೆತ್ತಿಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆಕಾಳಿನ ಚಿತ್ರ ಕೆತ್ತಿಸಿದ!

ಇಲ್ಲಿ ಒಂದು ತುಂಟ ಯೋಚನೆ ತಡೆಯಲಾಗುತ್ತಿಲ್ಲ. ರೋಮಿನ ಈ ಕಡಲೆಯವನು ವಕೀಲ, ಮಾತುಗಾರ, ದೇಶಭ್ರಷ್ಟನಾದವನು. ಕಾನೂನು ಓದಿ, ಪತ್ರಿಕೆ ನಡೆಸಿ, 1908ರಲ್ಲಿ ಶಿಕ್ಷೆಯಾಗಿ ಮಂಡಾಲೆಗೆ ಹೋದ ನಮ್ಮ ಲೋಕಮಾನ್ಯರ ಮನೆತನದ ಹೆಸರು ತಿಲಕ್. ಒಬ್ಬರು ಕಡಲೆ, ಒಬ್ಬರು ಎಳ್ಳು. ಇದರಿಂದ ಏನೂ ಸಾಬೀತಾಗುವುದಿಲ್ಲ, ಹೇಳದೆ ಇರಲಾಗಲಿಲ್ಲ ಅಷ್ಟೇ.

ಮಡಿಲಲ್ಲಿ ಕಟ್ಟಿಟ್ಟ ಮಸೂರಿಕಾ ಈಗ ಬಿಚ್ಚಿ. ಮಸೂರದಂಥ ಗುಳ್ಳೆಗಳು ಮೈತುಂಬ ಏಳುವ ಕಾಯಿಲೆಗೆ ಸುಶ್ರುತನ ಪಟ್ಟಿಯಲ್ಲಿ ಆ ಹೆಸರು. ಮುಂದೆ ಮಾಧವನಿದಾನ ಎಂಬ ವೈದ್ಯಗ್ರಂಥ ಅದಕ್ಕೆ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟಿತು. ಸಿಡುಬನ್ನು ಆಯುರ್ವೇದ ಗುರುತಿಸಿದ್ದು ಈ ಹೆಸರಿನಿಂದ. ರೋಮಿನ ಚುಕ್ಕೆಯಲ್ಲೂ ಭಾರತದ ಗುಳ್ಳೆಯಲ್ಲೂ ಒಂದೇ ಬೇಳೆ! ಆ ಬೇಳೆಯ ಆಕಾರ ಕಣ್ಣಮುಂದೆ ತಂದುಕೊಳ್ಳಿ: ನಡು ದಪ್ಪ, ಅಂಚು ತೆಳು, ಎರಡೂ ಕಡೆ ಉಬ್ಬು. ಯೂರೋಪಿನವರು ಅದೇ ಆಕಾರದಲ್ಲಿ ಗಾಜು ಉಜ್ಜಿದಾಗ ಅದನ್ನು ಲೆನ್ಸ್ ಎಂದೇ ಕರೆದರು. ಕನ್ನಡದ ವಿಜ್ಞಾನ ಪಠ್ಯ ಬರೆದವರು ಅದಕ್ಕೆ ಇಟ್ಟ ಹೆಸರು ಏನು? ಹತ್ತನೆಯ ತರಗತಿಯಲ್ಲಿ ಕಿರಣಗಳ ಚಿತ್ರ ಬರೆದು ಬರೆದು ಸುಸ್ತಾದವರೆಲ್ಲ ಬಲ್ಲರು: ಪೀನ ಮಸೂರ, ನಿಮ್ನ ಮಸೂರ! ಎಷ್ಟು ವರ್ಷ ಆ ಪದವನ್ನು ಬಾಯಿಪಾಠ ಮಾಡಿದೆವು, ಸಾರಿನ ಪಾತ್ರೆಯಲ್ಲಿ ಬೇಯುವ ಬೇಳೆ ಎಂದು ಒಬ್ಬ ಮೇಷ್ಟ್ರಾದರೂ ಹೇಳಬಾರದಿತ್ತೇ?

ಇನ್ನು ಚರ್ಮವೈದ್ಯರ ಕೋಣೆಗೆ ಹೋಗಿ. ಅವರ ಕೈಯಲ್ಲಿರುವ ಪುಟ್ಟ ಉಪಕರಣ ಡರ್ಮಟೋಸ್ಕೋಪು, ದೀಪ ಜೋಡಿಸಿದ, ಸಾಮಾನ್ಯವಾಗಿ 10 ಪಟ್ಟು ಹಿಗ್ಗಿಸಿ ತೋರಿಸುವ ಮಸೂರ. ಅದನ್ನು ಕೆನ್ನೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಕಂದು ಚುಕ್ಕೆಯೊಳಗಿನ ಬಣ್ಣದ ಜಾಲವನ್ನು ನೋಡುತ್ತಾರೆ. ನೋಡಿ ಚೀಟಿಯಲ್ಲಿ ಲೆಂಟಿಗೋ ಎಂದು ಬರೆಯುತ್ತಾರೆ. ನೋಡುವ ಗಾಜೂ ಅದೇ ಬೇಳೆ, ನೋಡಿಸಿಕೊಳ್ಳುವ ಕಲೆಯೂ ಅದೇ ಬೇಳೆ! ಮಸೂರದೊಳಗಿಂದ ಮಸೂರವನ್ನು ನೋಡಿ ಮಸೂರವೆಂದು ಬರೆದುಕೊಟ್ಟಿದ್ದಕ್ಕೆ ಹೊರಗಿನ ಕೌಂಟರಿನಲ್ಲಿ ಕನ್ಸಲ್ಟೇಷನ್ ಫೀಸು ಕಟ್ಟಬೇಕು. ಕಟ್ಟುವಾಗ ಇದನ್ನೆಲ್ಲ ಅಲ್ಲಿ ಕೂತವರಿಗೆ ವಿವರಿಸಲು ಹೋಗಬೇಡಿ. ಹಿಂದೆ ಟೋಕನ್ ಹಿಡಿದು ನಿಂತವರು ಸುಮ್ಮನಿರುವುದಿಲ್ಲ.